ಸೈಟ್ ಬಂದ್ ಮಾಡಿದರೂ ಚಿತ್ರ ಕಾಣೋದು ಯಾಕೆ?

ಕುರ್ಲಾದಲ್ಲಿರುವ ನನ್ನ ವಿದ್ಯಾರ್ಥಿನಿಯೊಬ್ಬಳ ತಾಯಿ ಫೋನ್ ಮಾಡಿದ್ದರು. "ಟೀಚರ್, ಕೆಟ್ಟ ಸೈಟ್‌ಗಳನ್ನೆಲ್ಲ ವೈಫೈಯಲ್ಲೇ ಬಂದ್ ಮಾಡಿಸಿದ್ದೀವಿ. ಆದ್ರೂ ಮಗಳು ಪ್ರಾಜೆಕ್ಟ್‌ಗೆ ಮನುಷ್ಯನ ದೇಹದ ಚಿತ್ರ ಹುಡುಕಿದಾಗ ಬರಬಾರದ್ದೆಲ್ಲ ಬಂತು. ಇವಳ ಅಬ್ಬಾ ನೆಟ್ಟೇ ತೆಗೆಸಿಬಿಡ್ತೀನಿ ಅಂತಿದ್ದಾರೆ." ಹುಡುಗಿ ಈ ವರ್ಷ ಹತ್ತನೇ ಕ್ಲಾಸು. ಅವಳು ಯಾವ ಕೆಟ್ಟ ಸೈಟಿಗೂ ಹೋಗಿರಲಿಲ್ಲ. ಹಾಗಾದರೆ ಚಿತ್ರ ಬಂದದ್ದು ಎಲ್ಲಿಂದ?

ಗೂಗಲ್‌ನಲ್ಲಿ ಹುಡುಕಿದಾಗ ಸಾಲಾಗಿ ಕಾಣುವ ಪುಟ್ಟ ಚಿತ್ರಗಳಿಗೆ ಥಂಬ್‌ನೇಲ್ ಅಂತಾರೆ. ಗೂಗಲ್ ಅವುಗಳ ಚಿಕ್ಕ ಪ್ರತಿ ಮಾಡಿ, ಜಿಸ್ಟ್ಯಾಟಿಕ್ ಡಾಟ್ ಕಾಮ್ ಎಂಬ ತನ್ನದೇ ವಿಳಾಸದಿಂದ ನಮಗೆ ಕಳಿಸುತ್ತದೆ. ಬಿಂಗ್ ಮಾಡುವುದೂ ಇದನ್ನೇ. ನಾವು ಬಂದ್ ಮಾಡಿದ್ದು ಮೂಲ ಸೈಟಿನ ವಿಳಾಸ. ಚಿತ್ರ ಬಂದದ್ದು ಗೂಗಲ್‌ನ ವಿಳಾಸದಿಂದ. 2015ರ ಜುಲೈ ಕೊನೆಯಲ್ಲಿ ಕೇಂದ್ರ ದೂರಸಂಪರ್ಕ ಇಲಾಖೆ 857 ಸೈಟ್‌ಗಳನ್ನು, 2018ರಲ್ಲಿ ಉತ್ತರಾಖಂಡ ಹೈಕೋರ್ಟಿನ ಆದೇಶದ ನಂತರ 827 ಸೈಟ್‌ಗಳನ್ನು ತಡೆಯಲು ಹೇಳಿತ್ತು. ಅವೂ ಸೈಟ್‌ಗಳ ಪಟ್ಟಿಗಳೇ. ಹಿಂದೆ ಗೂಗಲ್ ಇಡೀ ಪುಟದ ಪ್ರತಿಯನ್ನೂ 'ಕ್ಯಾಶ್' ಅಂತ ತೋರಿಸುತ್ತಿತ್ತು. ಆ ಲಿಂಕನ್ನು 2024ರಲ್ಲಿ ತೆಗೆದುಹಾಕಿತು. ಚಿತ್ರಗಳ ಪ್ರತಿ ಮಾತ್ರ ಈಗಲೂ ಬರುತ್ತದೆ.

ಜಿಸ್ಟ್ಯಾಟಿಕ್ ಅನ್ನೇ ಬಂದ್ ಮಾಡಬಹುದಲ್ಲ? ಮಾಡಿದರೆ ಹೃದಯದ ಚಿತ್ರ, ಎಲೆಯ ಚಿತ್ರ ಎಲ್ಲವೂ ಹೋಗುತ್ತವೆ, ಗೂಗಲ್‌ನ ಬೇರೆ ಪುಟಗಳೂ ಕೆಡುತ್ತವೆ. ಆದ್ದರಿಂದ ಸೋಸುವ ಕೆಲಸವನ್ನು ಗೂಗಲ್‌ನಿಂದಲೇ ಮಾಡಿಸಬೇಕು. ಅದರ ಹೆಸರು ಸೇಫ್‌ಸರ್ಚ್.

ಹೆಸರು ಕೊಟ್ಟರೆ ವಿಳಾಸ ಹೇಳುವ ವ್ಯವಸ್ಥೆಗೆ ಡಿಎನ್‌ಎಸ್ ಅಂತಾರೆ. ರೂಟರ್‌ನ ಸೆಟ್ಟಿಂಗ್‌ನಲ್ಲಿ ಡಿಎನ್‌ಎಸ್ ಜಾಗಕ್ಕೆ 185.228.168.168 ಮತ್ತು 185.228.169.168 ಹಾಕಿ. ಇವು ಕ್ಲೀನ್‌ಬ್ರೌಸಿಂಗ್‌ನ ಉಚಿತ ಫ್ಯಾಮಿಲಿ ಫಿಲ್ಟರ್. ಮನೆಯ ಫೋನು ಗೂಗಲ್ ಎಲ್ಲಿ ಅಂತ ಕೇಳಿದರೆ ಇದು ಸೇಫ್‌ಸರ್ಚ್ ಇರುವ ಗೂಗಲ್‌ನ ವಿಳಾಸವನ್ನೇ ಕೊಡುತ್ತದೆ. ಬಿಂಗ್, ಯೂಟ್ಯೂಬ್‌ಗೂ ಹಾಗೇ. ರೂಟರ್ ತೆರೆಯಲು ಬರದಿದ್ದರೆ ನೆಟ್ ಹಾಕಿಕೊಟ್ಟ ಕೇಬಲ್‌ನವರನ್ನೇ ಕೇಳಿ. ಆಮೇಲೆ ಗೂಗಲ್‌ನ ಸೇಫ್‌ಸರ್ಚ್ ಪುಟ ತೆರೆದರೆ ಬೀಗದ ಗುರುತು ಕಾಣಬೇಕು.

ವೈಫೈ ಬಿಟ್ಟು ಮೊಬೈಲ್ ಡೇಟಾ ಹಾಕಿದರೆ ರೂಟರ್‌ನ ತಡೆ ನಡೆಯದು. ಆಂಡ್ರಾಯ್ಡ್ 9 ಮತ್ತು ನಂತರದ ಫೋನುಗಳಲ್ಲಿ 'ಪ್ರೈವೇಟ್ ಡಿಎನ್‌ಎಸ್' ಇದೆ. ಅದೇ ಸೇವೆಯ ಹೆಸರನ್ನು ಅಲ್ಲೂ ಹಾಕಬಹುದು. ಆದರೂ ಸೇಫ್‌ಸರ್ಚ್ ನೂರಕ್ಕೆ ನೂರು ಹಿಡಿಯುವುದಿಲ್ಲ. ಏನಾದರೂ ಕಂಡರೆ ಮುಚ್ಚಿ, ಬಂದು ಹೇಳು ಅಂತ ಮಕ್ಕಳಿಗೆ ಮೊದಲೇ ತಿಳಿಸಿರಿ. ಹೇಳಿದ್ದಕ್ಕೆ ಬೈಗುಳ ಸಿಕ್ಕಿದರೆ ಮುಂದಿನ ಸಲ ಹೇಳೋದೇ ಇಲ್ಲ.

ಕುರ್ಲಾದ ಆ ಮನೆಯಲ್ಲಿ ನೆಟ್ ಉಳಿದಿದೆ. ಪಾಸ್‌ವರ್ಡ್ ಹಾಕಿದ್ದು ಅಬ್ಬಾ, ನಂಬರುಗಳನ್ನು ಒಂದೊಂದೇ ಓದಿ ಹೇಳಿದ್ದು ಮಗಳು.