ಮನೆಗೆ ಎಷ್ಟು ಕೆವಿಎ ಜನರೇಟರ್ ಬೇಕು?

ಇಂಜಿನಿಯರಿಂಗ್ ಸೇರಿದ ಮೇಲೆ ಮನೆಯವರ ಕಣ್ಣಲ್ಲಿ ನಾವೆಲ್ಲ ಎಲೆಕ್ಟ್ರಿಷಿಯನ್‌ಗಳೇ. ಬ್ರಾಂಚ್ ಸಿವಿಲ್ ಆದರೂ ಅಷ್ಟೇ, ಕಂಪ್ಯೂಟರ್ ಸೈನ್ಸ್ ಆದರೂ ಅಷ್ಟೇ. ಮಳೆಗಾಲದಲ್ಲಿ ಮಲೆನಾಡು, ಕೊಡಗಿನ ಕಡೆ ಲೈನ್ ಮೇಲೆ ಮರ ಬಿದ್ದು ಎರಡು ದಿನ ಕರೆಂಟ್ ಹೋಯ್ತು ಅಂದ್ರೆ ಹಾಸ್ಟೆಲ್‌ಗೆ ಫೋನ್ ಬರುತ್ತೆ: "ಜನರೇಟರ್ ತಗೊಳ್ಳೋಣ ಅಂತಿದೀವಿ. ಅಂಗಡಿಯವನು ಏಳೂವರೆ ಕೆವಿಎ ಬೇಕು ಅಂತಾನೆ, ಪಕ್ಕದ ಮನೆಯವರು ಮೂರು ಸಾಕು ಅಂತಾರೆ. ನೀನೇನು ಹೇಳ್ತೀಯ?"

ತಮಾಷೆ ಏನಂದ್ರೆ, ಇಬ್ಬರ ಲೆಕ್ಕವೂ ಅವರವರ ಮಟ್ಟಿಗೆ ಸರಿಯಾಗಿಯೇ ಇರುತ್ತೆ, ಆದರೆ ಇಬ್ಬರೂ ತಪ್ಪು ಪ್ರಶ್ನೆಗೆ ಉತ್ತರ ಕೊಟ್ಟಿರುತ್ತಾರೆ. ಜನರೇಟರ್ ಸೈಜ್ ನಿರ್ಧಾರ ಮಾಡೋದು ಮನೆಯಲ್ಲಿ ಎಷ್ಟು ಸಾಮಾನು ಇದೆ ಅನ್ನೋದಲ್ಲ. ಅತಿ ದೊಡ್ಡ ಮೋಟಾರ್ ಸ್ಟಾರ್ಟ್ ಆಗುವ ಆ ಒಂದು ಸೆಕೆಂಡ್. ಇದನ್ನು ಒಂದು ಉದಾಹರಣೆಯಿಂದ ನೋಡೋಣ.

ಮೊದಲು ಪಟ್ಟಿ

ಮಡಿಕೇರಿ ಕಡೆಯ ಒಂದು ಮನೆ ಅಂತ ಇಟ್ಟುಕೊಳ್ಳಿ. ಬಾವಿ ಇದೆ, ಅದಕ್ಕೆ 1 ಎಚ್‌ಪಿ ಸಿಂಗಲ್ ಫೇಸ್ ಪಂಪ್ ಇದೆ. ಅಂದಾಜು ಲೋಡ್ ಹೀಗಿರುತ್ತೆ:

ಎಲ್‌ಇಡಿ ದೀಪಗಳು – 100 ವ್ಯಾಟ್
ಎರಡು ಫ್ಯಾನ್ – 150 ವ್ಯಾಟ್
ಟಿವಿ, ವೈಫೈ, ಲ್ಯಾಪ್‌ಟಾಪ್, ಮೊಬೈಲ್ ಚಾರ್ಜರ್ – 200 ವ್ಯಾಟ್
ಫ್ರಿಜ್ – 150 ವ್ಯಾಟ್
ಮಿಕ್ಸಿ – 750 ವ್ಯಾಟ್
ವಾಷಿಂಗ್ ಮಷಿನ್ – 500 ವ್ಯಾಟ್
ಪಂಪ್ – 1200 ವ್ಯಾಟ್
ಇಸ್ತ್ರಿ ಪೆಟ್ಟಿಗೆ – 1000 ವ್ಯಾಟ್
ಗೀಸರ್ – 2000 ವ್ಯಾಟ್

ಪಂಪ್ 1 ಎಚ್‌ಪಿ ಅಂದರೆ 746 ವ್ಯಾಟ್ ತಾನೇ, 1200 ಯಾಕೆ ಬರೆದಿದ್ದು ಅಂತ ಕೇಳಬಹುದು. 746 ಅನ್ನೋದು ಶಾಫ್ಟ್‌ನಲ್ಲಿ ಸಿಗುವ ಔಟ್‌ಪುಟ್. ಸಣ್ಣ ಸಿಂಗಲ್ ಫೇಸ್ ಮೋಟಾರ್‌ಗಳ ಎಫಿಷಿಯೆನ್ಸಿ ಶೇ. 60-70ರ ಆಸುಪಾಸು ಇರೋದರಿಂದ ಲೈನ್‌ನಿಂದ ಎಳೆಯೋದು 1100-1200 ವ್ಯಾಟ್.

ಎಲ್ಲ ಕೂಡಿಸಿದರೆ 6050 ವ್ಯಾಟ್. ಜನರೇಟರ್‌ಗಳ ರೇಟಿಂಗ್ ಸಾಮಾನ್ಯವಾಗಿ 0.8 ಪವರ್ ಫ್ಯಾಕ್ಟರ್ ಲೆಕ್ಕದಲ್ಲಿ ಇರುತ್ತೆ. 6.05 ಅನ್ನು 0.8ರಿಂದ ಭಾಗಿಸಿದರೆ ಸುಮಾರು 7.5 ಕೆವಿಎ. ಅಂಗಡಿಯವನ ಲೆಕ್ಕ ಬಂತು ನೋಡಿ.

ಆದರೆ ಕರೆಂಟ್ ಹೋದಾಗ ಯಾರಾದರೂ ಗೀಸರ್, ಇಸ್ತ್ರಿ, ಮಿಕ್ಸಿ, ಪಂಪ್ ಎಲ್ಲ ಒಟ್ಟಿಗೆ ಹಾಕ್ತಾರಾ? ಬಿಸಿನೀರಿಗೆ ಬಚ್ಚಲ ಹಂಡೆ ಇದೆ. ಇಸ್ತ್ರಿ ಎರಡು ದಿನ ಕಾಯಬಹುದು. ದೀಪ, ಫ್ಯಾನ್, ಟಿವಿ-ವೈಫೈ, ಫ್ರಿಜ್ ಸೇರಿ 600 ವ್ಯಾಟ್. ಉಳಿದದ್ದರಲ್ಲಿ ಒಂದು ಸಲಕ್ಕೆ ಒಂದೇ. ಅದರಲ್ಲಿ ದೊಡ್ಡದು ಪಂಪ್. ಒಟ್ಟು 1800 ವ್ಯಾಟ್, ಅಂದರೆ 2.25 ಕೆವಿಎ. ಪಕ್ಕದ ಮನೆಯವರು ಮೂರು ಸಾಕು ಅಂದಿದ್ದು ಇದೇ ಲೆಕ್ಕದಿಂದ.

ಆ ಒಂದು ಸೆಕೆಂಡ್

ಮೂರು ಕೆವಿಎ ತಂದು ಪಂಪ್ ಸ್ವಿಚ್ ಹಾಕಿದರೆ ಏನಾಗಬಹುದು? ದೀಪ ಮಂಕಾಗುತ್ತೆ, ಜನರೇಟರ್ "ಗೊರ್" ಅನ್ನುತ್ತೆ, ಪಂಪ್ ಗುಂಯ್‌ಗುಡುತ್ತಾ ತಿರುಗದೆ ನಿಲ್ಲುತ್ತೆ. ಬ್ರೇಕರ್ ಟ್ರಿಪ್ ಆದರೆ ಪುಣ್ಯ. ಆಗದಿದ್ದರೆ ನಿಂತ ಮೋಟಾರ್‌ನಲ್ಲಿ ಭಾರೀ ಕರೆಂಟ್ ಹರಿದು ವೈಂಡಿಂಗ್ ಸುಟ್ಟುಹೋಗಬಹುದು.

ಕಾರಣ ನಮ್ಮ ಮೆಷಿನ್ಸ್ ಕ್ಲಾಸಿನಲ್ಲೇ ಇದೆ. ರೋಟರ್ ನಿಂತಿರುವಾಗ ಸ್ಲಿಪ್ 1, ಬ್ಯಾಕ್ ಇಎಂಎಫ್ ಇಲ್ಲ. ಹಾಗಾಗಿ ಇಂಡಕ್ಷನ್ ಮೋಟಾರ್ ಶುರುವಾಗುವಾಗ ರನ್ನಿಂಗ್ ಕರೆಂಟಿನ ಹಲವು ಪಟ್ಟು ಎಳೆಯುತ್ತೆ. ನಮ್ಮ ಪಂಪ್‌ನ ನೇಮ್ ಪ್ಲೇಟ್‌ನಲ್ಲಿ 7 ಆಂಪ್ ಅಂತಿದೆ, ಸ್ಟಾರ್ಟಿಂಗ್ ಅದರ 4 ಪಟ್ಟು ಅಂತ ಇಟ್ಟುಕೊಂಡರೆ 28 ಆಂಪ್. 230 ವೋಲ್ಟ್‌ಗೆ ಗುಣಿಸಿದರೆ 6.4 ಕೆವಿಎ!

ಹಾಗಾದರೆ ಏಳೂವರೆಯೇ ಸರಿಯಾಯ್ತಲ್ಲ? ಸ್ವಲ್ಪ ತಡೀರಿ. ಜನರೇಟರ್ ಅಂದರೆ ಗ್ರಿಡ್ ಅಲ್ಲ, ಲೋಡ್ ಬಿದ್ದರೆ ಅದರ ವೋಲ್ಟೇಜ್ ಬಗ್ಗುತ್ತೆ. ವೋಲ್ಟೇಜ್ ಶೇ. 80ಕ್ಕೆ ಇಳಿದರೆ ಸ್ಟಾರ್ಟಿಂಗ್ ಕರೆಂಟ್ ಕೂಡ ಹೆಚ್ಚುಕಡಿಮೆ ಶೇ. 80ಕ್ಕೆ ಇಳಿಯುತ್ತೆ. ಎರಡರ ಗುಣಲಬ್ಧ ಶೇ. 64. ಅಂದರೆ 6.4 ಇದ್ದದ್ದು 4.1 ಕೆವಿಎ ಆಯ್ತು. ಜೊತೆಗೆ ಓಡುತ್ತಿರುವ 600 ವ್ಯಾಟ್‌ಗೆ 0.75 ಕೆವಿಎ. ಒಟ್ಟು 4.85.

ಉತ್ತರ 5 ಕೆವಿಎ. ಏಳೂವರೆಯೂ ಅಲ್ಲ, ಮೂರೂ ಅಲ್ಲ.

ಇಲ್ಲಿ ಒಂದು ಎಚ್ಚರ. ಟಾರ್ಕ್ ಕೂಡ ವೋಲ್ಟೇಜಿನ ವರ್ಗಕ್ಕೆ ಅನುಪಾತವಾಗಿರೋದರಿಂದ ಅದೂ ಶೇ. 64ಕ್ಕೆ ಇಳಿದಿರುತ್ತೆ. ಸೆಂಟ್ರಿಫ್ಯೂಗಲ್ ಪಂಪ್‌ಗೆ ಶುರುವಿನಲ್ಲಿ ಹೆಚ್ಚು ಟಾರ್ಕ್ ಬೇಡ, ಅದು ನಡೆದುಹೋಗುತ್ತೆ. ಅಕ್ಕಿ ತುಂಬಿದ ಗ್ರೈಂಡರ್‌ಗಾಗಲಿ ಫ್ರಿಜ್ ಕಂಪ್ರೆಸರ್‌ಗಾಗಲಿ ಅದೇ ಮಾತು ಹೇಳೋಕಾಗಲ್ಲ. ಅದಕ್ಕೇ ದೊಡ್ಡ ಮೋಟಾರ್ ಮೊದಲು, ಉಳಿದದ್ದು ಆಮೇಲೆ. ಫ್ರಿಜ್ ಆಫ್ ಮಾಡಿ ಪಂಪ್ ಹಾಕಿ, ಅದು ಸ್ಪೀಡ್ ಹಿಡಿದ ಮೇಲೆ ಫ್ರಿಜ್ ಹಾಕಿ. ಇದಕ್ಕೆ ನಯಾಪೈಸೆ ಖರ್ಚಿಲ್ಲ.

ಇನ್ವರ್ಟರ್ ಎಸಿ, ಇನ್ವರ್ಟರ್ ಫ್ರಿಜ್‌ಗಳು ನಿಧಾನವಾಗಿ ಸ್ಪೀಡ್ ಏರಿಸೋದರಿಂದ ಈ ತೊಂದರೆ ಕೊಡಲ್ಲ. ಗೀಸರ್, ಇಸ್ತ್ರಿ ಪೆಟ್ಟಿಗೆಗೆ ಸ್ಟಾರ್ಟಿಂಗ್ ಅನ್ನೋದೇ ಇಲ್ಲ. ಎಷ್ಟು ಬರೆದಿದೆಯೋ ಅಷ್ಟೇ.

ಅಳೆದು ನೋಡಿ

ನೇಮ್ ಪ್ಲೇಟ್ ಅಳಿಸಿಹೋಗಿದ್ದರೆ? ಮನೆಯ ಡಿಜಿಟಲ್ ಮೀಟರ್‌ನಲ್ಲಿ ಮಿನುಗುವ ಕೆಂಪು ದೀಪ ಇದೆಯಲ್ಲ, ಅದೇ ನಿಮ್ಮ ವ್ಯಾಟ್‌ಮೀಟರ್. ಒಂದು ಯೂನಿಟ್‌ಗೆ ಎಷ್ಟು ಸಲ ಮಿನುಗುತ್ತೆ ಅಂತ ಮೀಟರ್ ಮೇಲೇ ಬರೆದಿರುತ್ತೆ, ಉದಾಹರಣೆಗೆ 3200. ಎಲ್ಲ ಆಫ್ ಮಾಡಿ ಪಂಪ್ ಒಂದನ್ನೇ ಓಡಿಸಿ, 30 ಮಿನುಗಿಗೆ ಎಷ್ಟು ಸೆಕೆಂಡ್ ಅಂತ ನೋಡಿ. 28 ಸೆಕೆಂಡ್ ಬಂತು ಅನ್ಕೊಳ್ಳಿ. 3600 ಗುಣಿಸು 30, ಭಾಗಿಸು 3200 ಗುಣಿಸು 28. ಉತ್ತರ 1.2 ಕಿಲೋವ್ಯಾಟ್. ಸ್ಟಾರ್ಟಿಂಗ್ ಕರೆಂಟ್‌ಗೆ ಮಾತ್ರ ಈ ಉಪಾಯ ನಡೆಯಲ್ಲ, ಇನ್‌ರಶ್ ತೋರಿಸುವ ಕ್ಲ್ಯಾಂಪ್ ಮೀಟರ್ ಬೇಕು. ಲ್ಯಾಬಿನಲ್ಲಿದ್ದರೆ ಕೇಳಿ ನೋಡಿ.

ಅಂಗಡಿಗೆ ಹೋದಾಗ ಎರಡು ವಿಷಯ ಗಮನಿಸಿ. ಒಂದು, ಪೆಟ್ಟಿಗೆ ಮೇಲೆ ದೊಡ್ಡದಾಗಿ ಬರೆದಿರುವುದು ಹಲವು ಸಲ ಮ್ಯಾಕ್ಸಿಮಮ್ ಔಟ್‌ಪುಟ್. ನಿಮಗೆ ಬೇಕಾದ್ದು ರೇಟೆಡ್, ಅಂದರೆ ಗಂಟೆಗಟ್ಟಲೆ ಕೊಡಬಲ್ಲದ್ದು. ಎರಡು, ಎತ್ತರ. ಟರ್ಬೊ ಇಲ್ಲದ ಇಂಜಿನ್‌ನ ಶಕ್ತಿ ಪ್ರತಿ 100 ಮೀಟರ್ ಎತ್ತರಕ್ಕೆ ಅಂದಾಜು ಶೇ. 1ರಷ್ಟು ಕಡಿಮೆಯಾಗುತ್ತೆ. ಮಡಿಕೇರಿ ಇರೋದು ಸುಮಾರು 1150 ಮೀಟರ್ ಎತ್ತರದಲ್ಲಿ. 5 ಕೆವಿಎ ಸೆಟ್‌ನ 4 ಕಿಲೋವ್ಯಾಟ್ ಅಲ್ಲಿ 3.5ರ ಹತ್ತಿರ ಬಂದಿರುತ್ತೆ. ನಮ್ಮ ಲೆಕ್ಕಕ್ಕೆ ಅದೂ ಸಾಕು. ಮೂರು ಕೆವಿಎ ಸೆಟ್ ಮಾತ್ರ ಇನ್ನೂ ಬಡಕಲಾಗುತ್ತೆ.

ದೊಡ್ಡದೇ ತಗೊಂಡ್ರೆ ಏನು ತಪ್ಪು?

"ಇರಲಿ ಬಿಡು, ಮುಂದಕ್ಕೆ ಆಗುತ್ತೆ" ಅಂತ 10 ಕೆವಿಎ ಡೀಸೆಲ್ ತಂದರು ಅಂದುಕೊಳ್ಳಿ. ಅದರ ಸಾಮರ್ಥ್ಯ 8 ಕಿಲೋವ್ಯಾಟ್, ದಿನದ ಬಹುಪಾಲು ಹೊತ್ತು ಲೋಡ್ 600 ವ್ಯಾಟ್, ಅಂದರೆ ಶೇ. 7.5. ಇಂಜಿನ್ ಸರಿಯಾಗಿ ಬಿಸಿಯೇರಲ್ಲ, ಡೀಸೆಲ್ ಪೂರ್ತಿ ಉರಿಯಲ್ಲ, ಎಕ್ಸಾಸ್ಟ್‌ನಲ್ಲಿ ಕಪ್ಪು ಜಿಡ್ಡು ಕಟ್ಟುತ್ತೆ. ಇದಕ್ಕೆ ವೆಟ್ ಸ್ಟ್ಯಾಕಿಂಗ್ ಅಂತಾರೆ. ಡೀಸೆಲ್ ಸೆಟ್ ಶೇ. 30ಕ್ಕಿಂತ ಕಡಿಮೆ ಲೋಡ್‌ನಲ್ಲಿ ಬಹಳ ಹೊತ್ತು ಓಡಬಾರದು ಅನ್ನೋದು ಇದೇ ಕಾರಣಕ್ಕೆ. ಜೊತೆಗೆ ಸುಮ್ಮನೆ ತಿರುಗೋದಕ್ಕೂ ಇಂಧನ ಬೇಕಲ್ಲ.

ನಿಜ ಹೇಳಬೇಕಂದ್ರೆ 600 ವ್ಯಾಟ್‌ಗೆ 5 ಕೆವಿಎ ಕೂಡ ದೊಡ್ಡದೇ. ಹಾಗಾಗಿ ಈ ಸೈಜಿನಲ್ಲಿ ಪೆಟ್ರೋಲ್ ಸೆಟ್ ತಗೊಂಡು, ಇಡೀ ದಿನ ಓಡಿಸದೆ ಬೆಳಿಗ್ಗೆ ಸಂಜೆ ಒಂದೆರಡು ಗಂಟೆ ಮಾತ್ರ ಓಡಿಸೋದು ಜಾಣತನ. ಆ ಹೊತ್ತಿನಲ್ಲೇ ಟ್ಯಾಂಕ್ ತುಂಬಿಸಿ, ಮಿಕ್ಸಿ, ವಾಷಿಂಗ್ ಮಷಿನ್ ಕೆಲಸ ಒಂದಾದ ಮೇಲೆ ಒಂದು ಮುಗಿಸಿ, ಫ್ರಿಜ್ ತಣ್ಣಗೆ ಮಾಡಿಕೊಳ್ಳಿ, ಯುಪಿಎಸ್ ಬ್ಯಾಟರಿಗೂ ಒಂದಿಷ್ಟು ಚಾರ್ಜ್ ಕೊಡಿ. ರಾತ್ರಿಯ ದೀಪ, ವೈಫೈ ಬ್ಯಾಟರಿ ಮೇಲೆ. ಮಾಳಿಗೆ ಮೇಲಿನ ಟ್ಯಾಂಕ್ ಕೂಡ ಒಂದು ಬ್ಯಾಟರಿಯೇ ತಾನೆ! ಯುಪಿಎಸ್ ಜನರೇಟರ್ ಕರೆಂಟನ್ನು ಒಪ್ಪದೆ ಟಿಕ್ ಟಿಕ್ ಅಂದರೆ ಹಿಂದಿನ ಸ್ವಿಚ್ಚನ್ನು ಯುಪಿಎಸ್ ಮೋಡ್‌ನಿಂದ ನಾರ್ಮಲ್ ಮೋಡ್‌ಗೆ ಹಾಕಿ ನೋಡಿ, ಅದರಲ್ಲಿ ವೋಲ್ಟೇಜ್ ಏರಿಳಿತಕ್ಕೆ ಹೆಚ್ಚು ಅವಕಾಶ ಇರುತ್ತೆ.

ಸೈಜ್ ಸರಿ ಇದ್ದರೂ ಜೀವ ತೆಗೆಯುವ ಎರಡು ತಪ್ಪು

ಮೊದಲನೆಯದು ಎರಡೂ ತುದಿಗೆ ಪ್ಲಗ್ ಟಾಪ್ ಹಾಕಿದ ವೈರ್. ಜನರೇಟರ್‌ನಿಂದ ಮನೆಯ ಯಾವುದೋ ಸಾಕೆಟ್‌ಗೆ ಚುಚ್ಚಿದರೆ ಇಡೀ ಮನೆಗೆ ಕರೆಂಟ್ ಬರುತ್ತೆ ನಿಜ. ಮೇನ್ ಸ್ವಿಚ್ ಆಫ್ ಮಾಡೋಕೆ ಮರೆತರೆ ಅದೇ ಕರೆಂಟ್ ಹೊರಗೆ ಲೈನ್‌ಗೂ ಹೋಗುತ್ತೆ. ಟ್ರಾನ್ಸ್‌ಫಾರ್ಮರ್‌ಗೆ ದಿಕ್ಕು ಗೊತ್ತಿಲ್ಲ. 11 ಸಾವಿರ ವೋಲ್ಟನ್ನು ಇಳಿಸುವಂಥದ್ದೇ ನಿಮ್ಮ 230 ವೋಲ್ಟನ್ನು ಮತ್ತೆ ಸಾವಿರಾರು ವೋಲ್ಟ್‌ಗೆ ಏರಿಸುತ್ತೆ. "ಊರಿನ ಲೋಡೆಲ್ಲ ಬಿದ್ದು ಜನರೇಟರ್ ಟ್ರಿಪ್ ಆಗುತ್ತಲ್ಲ" ಅಂತೀರಾ? ಊರಿನ ನಡುವೆ ಹಾಗಾಗಬಹುದು. ಲೈನ್‌ನ ಕೊನೆಯ ಮನೆಯಾಗಿದ್ದು, ಮರ ಬಿದ್ದು ವೈರ್ ತುಂಡಾಗಿದ್ದರೆ ಆಚೆ ಲೋಡೇ ಇರಲ್ಲ. ತುಂಡಾದ ತುದಿಯಲ್ಲಿ ಇರೋದು ಮಳೆಯಲ್ಲಿ ನೆನೆಯುತ್ತಾ ಕಂಬ ಹತ್ತಿದ ಲೈನ್‌ಮನ್. ಅದಕ್ಕೇ ಚೇಂಜ್ ಓವರ್ ಸ್ವಿಚ್ ಕಡ್ಡಾಯ: ಒಂದೋ ಲೈನ್, ಇಲ್ಲಾ ಜನರೇಟರ್, ಎರಡೂ ಒಟ್ಟಿಗೆ ಸಾಧ್ಯವೇ ಇಲ್ಲದ ಹಾಗೆ. ಫೇಸ್, ನ್ಯೂಟ್ರಲ್ ಎರಡನ್ನೂ ಬದಲಿಸುವ ಡಬಲ್ ಪೋಲ್ ಇರಲಿ, ಅರ್ಥಿಂಗ್ ಇರಲಿ, ಲೈಸೆನ್ಸ್ ಇರುವ ಕಂಟ್ರಾಕ್ಟರ್ ಕೈಯಲ್ಲೇ ಹಾಕಿಸಿ. ಜನರೇಟರ್ ಬಜೆಟ್‌ನಲ್ಲಿ ಇದರ ದುಡ್ಡನ್ನು ಮೊದಲೇ ತೆಗೆದಿಡಿ.

ಎರಡನೆಯದು ಹೊಗೆ. ಮಳೆ ಅಂತ ಜನರೇಟರನ್ನು ಜಗಲಿಗೆ, ಪೋರ್ಚ್‌ಗೆ, ಸೌದೆ ಕೊಟ್ಟಿಗೆಗೆ ಎಳೆದು ತರುತ್ತಾರೆ. ಎಕ್ಸಾಸ್ಟ್‌ನಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಮಲಗಿದವರಿಗೆ ಎಚ್ಚರವೇ ಆಗದಿರಬಹುದು. ಕಿಟಕಿ ತೆರೆದಿಟ್ಟರೆ ಸಾಕು ಅನ್ನೋದು ಸುಳ್ಳು. ಕಿಟಕಿ ಬಾಗಿಲುಗಳಿಂದ ಕನಿಷ್ಠ 20 ಅಡಿ ದೂರ, ನಾಲ್ಕೂ ಕಡೆ ತೆರೆದಿರುವ ಒಂದು ಸಣ್ಣ ಚಾವಣಿ ಕೆಳಗೆ, ಹೊಗೆ ಮನೆಯ ಕಡೆ ಬೀಸದ ಹಾಗೆ ಇಡಬೇಕು. ಅಷ್ಟು ಉದ್ದದ, ಸರಿಯಾದ ದಪ್ಪದ ಕೇಬಲ್‌ನ ಖರ್ಚೂ ಲೆಕ್ಕದಲ್ಲಿ ಇರಲಿ.

ರಜೆಗೆ ಊರಿಗೆ ಹೋದಾಗ ಒಂದು ಮಧ್ಯಾಹ್ನ ಸಾಕು: ಪಟ್ಟಿ ಮಾಡಿ, ಪಂಪ್‌ನ ನೇಮ್ ಪ್ಲೇಟ್ ಓದಿ, ಮೀಟರ್ ಮಿನುಗು ಎಣಿಸಿ, ಜನರೇಟರ್ ಇಡುವ ಜಾಗಕ್ಕೆ ಟೇಪ್ ಹಿಡಿದು ಅಳೆಯಿರಿ. ಈಗಾಗಲೇ ಜನರೇಟರ್ ಇರುವ ಮನೆಯಾದರೆ ಮೊದಲು ಚೇಂಜ್ ಓವರ್ ಸ್ವಿಚ್ ಇದೆಯಾ ನೋಡಿ. ಎರಡು ತುದಿಗೂ ಪ್ಲಗ್ ಇರುವ ವೈರ್ ಕಣ್ಣಿಗೆ ಬಿದ್ದರೆ ಅವತ್ತೇ ಕತ್ತರಿಸಿ ಹಾಕಿ.