ಕಾಗದ ಬರುವವರೆಗಿನ ಸಬ್ರ್

ಗಲ್ಫಿಗೆ ಹೋದವರು ದುಡಿದು ಊರಿಗೆ ಮರಳುತ್ತಾರೆ. ಕೆನಡಾದ ಪಿ.ಆರ್., ಅಂದರೆ ಖಾಯಂ ವಾಸದ ಹಕ್ಕು, ಹಾಗಲ್ಲ. ಅದು ಮನೆಮಂದಿಯೆಲ್ಲ ಹೊರಡುವ ಮಾತು. ಶಿರಸಿ, ಸಿದ್ದಾಪುರ, ಯಲ್ಲಾಪುರದಲ್ಲಿ ಅರ್ಜಿ ಹಾಕಿ ಕಾಯುತ್ತಿರುವ ನಾವು ಏನು ಮಾಡಬೇಕು?

ಪ್ರವಾದಿ(ಸ)ರು ಹಿಜ್‌ರತ್‌ಗೆ ಅಪ್ಪಣೆ ಬರುವವರೆಗೆ ಮಕ್ಕಾದಲ್ಲೇ ಕಾದರು. ಹೊರಟು ನಿಂತಿದ್ದ ಹಝ್ರತ್ ಅಬೂಬಕರ್(ರ)ರನ್ನೂ ತಡೆದರು. ಅವರು ಎರಡು ಒಂಟೆಗಳಿಗೆ ನಾಲ್ಕು ತಿಂಗಳು ಮೇವು ಹಾಕಿ ಸಿದ್ಧರಾದರು. ಸಬ್ರ್ ಎಂದರೆ ಕೈಕಟ್ಟಿ ಕೂರುವುದಲ್ಲ.

ನಾವೂ ಪಾಸ್‌ಪೋರ್ಟಿನ ಅವಧಿ, ದಾಖಲೆಗಳಲ್ಲಿನ ಹೆಸರಿನ ಅಕ್ಷರ ನೋಡಿಕೊಳ್ಳೋಣ, ಸಾಲ ತೀರಿಸೋಣ. ಮಂಜೂರಾತಿ ಪತ್ರ, ವೀಸಾ ಕೈಸೇರುವ ಮೊದಲು ನೌಕರಿ ಬಿಡುವುದಾಗಲಿ, ಮನೆ-ತೋಟ ಮಾರುವುದಾಗಲಿ ಬೇಡ. ಪತ್ರ ಬಂದ ಮೇಲೆ ಅದರಲ್ಲಿ ಬರೆದ ಕೊನೆಯ ದಿನಾಂಕದೊಳಗೆ ಅಲ್ಲಿ ಇಳಿಯಲೇಬೇಕು. ಆ ದಿನಾಂಕ ಸಾಮಾನ್ಯವಾಗಿ ವೈದ್ಯಕೀಯ ತಪಾಸಣೆಯ ಅಥವಾ ಪಾಸ್‌ಪೋರ್ಟಿನ ಅವಧಿಯನ್ನು ಅವಲಂಬಿಸಿರುತ್ತದೆ. ಪಿ.ಆರ್. ಕಾರ್ಡಿಗಾಗಿ ಇಲ್ಲಿ ಕಾಯಬೇಕಿಲ್ಲ. ಅದು ಅಲ್ಲಿಗೆ ತಲುಪಿದ ಬಳಿಕ ಅಲ್ಲಿನ ವಿಳಾಸಕ್ಕೆ ಅಂಚೆಯಲ್ಲಿ ಬರುತ್ತದೆ. ಆ ಹಕ್ಕು ಉಳಿಯಲು 5 ವರ್ಷಗಳಲ್ಲಿ ಕನಿಷ್ಠ 730 ದಿನಗಳ ಲೆಕ್ಕ ತುಂಬಬೇಕು.

ಹಾಗೆ ಹೋದವರು ಬೇಗ ಮರಳುವುದು ಕಷ್ಟ. ಆದ್ದರಿಂದ ಕಾಯುವ ಈ ತಿಂಗಳುಗಳು ವ್ಯರ್ಥವಲ್ಲ. ವಯಸ್ಸಾದ ತಂದೆ-ತಾಯಿಯ ಬಳಿ ಕೂರಲು, ಅವರ ಔಷಧಿ-ಆರೈಕೆಗೆ ಏರ್ಪಾಡು ಮಾಡಲು ಅಲ್ಲಾಹನು ಕೊಟ್ಟ ಸಮಯವಿದು.