ಊರುಗೋಲಿನ ಮೇಲೆ ಹಲಸಿನ ಹೂವು

ನಮ್ಮ ತಾಳವಾಡಿ ಕಡೆ ಊರುಗೋಲು ಅಂದರೆ ಹೆಚ್ಚಿನವರಿಗೆ ಬಿದಿರ ಕೋಲೇ. ದನ ಅಟ್ಟಲೂ ಅದೇ, ಸಂತೆಗೂ ಅದೇ. ಅದಕ್ಕೆ ಅಲಂಕಾರ ಯಾಕೆ ಅನ್ನುವವರುಂಟು. ಆದರೆ ಎಂಬತ್ತು ದಾಟಿದ ನಮ್ಮ ತಂದೆಯವರು ಆ ಕೋಲು ಹಿಡಿದು ಮದುವೆ ಮನೆಗೆ ಬರಲು ಒಪ್ಪಲಿಲ್ಲ. 'ಮುದುಕ ಆದೆ ಅಂತ ಊರಿಗೆಲ್ಲ ಸಾರ್ಕೊಂಡು ಬರ್ಲಾ?' ಅಂದರು. ಬರಿಗೈಲಿ ನಡೆದು ಎರಡು ಸಲ ಬಿದ್ದರು. ಹಿಡಿಯಲು ಮನಸ್ಸಾಗುವಂಥ ಕೋಲು ಬೇಕಾಗಿತ್ತು. ಮೈಸೂರಿಗೆ ಹೋಗಿ ಇನ್ಲೇ ಕೆಲಸದವರೊಬ್ಬರನ್ನು ಹುಡುಕಿದೆ.

ಇನ್ಲೇ ಎಂದರೆ ಬಣ್ಣ ಬಳಿಯುವುದಲ್ಲ, ಒಂದು ಮರದೊಳಗೆ ಇನ್ನೊಂದು ಮರ ಕೂರಿಸುವುದು. ಕಪ್ಪು ಛಾಯೆಯ ಬೀಟೆಯ ಮೇಲೆ ಹಲಸಿನ ಹಳದಿ, ಹಾಲೆ ಮರದ ಬಿಳಿ ಸೇರಿ ಹೂವು, ಬಳ್ಳಿ, ಆನೆ ಆಗುತ್ತವೆ. ಹಿಂದೆ ಬಿಳಿಗೆ ಆನೆ ದಂತವಿತ್ತು. ವನ್ಯಜೀವಿ ಕಾಯ್ದೆಯ 1986ರ ತಿದ್ದುಪಡಿ ಭಾರತದ ದಂತದ ವ್ಯಾಪಾರವನ್ನೂ, 1991ರ ತಿದ್ದುಪಡಿ ಆಫ್ರಿಕಾದ ದಂತವನ್ನೂ ನಿಲ್ಲಿಸಿತು. ಆಮೇಲೆ ಪ್ಲಾಸ್ಟಿಕ್ಕೂ ಬಂತು. ಹೊಳೆಯುತ್ತದೆ, ಆದರೆ ಮರದ ಪಕ್ಕ ಹೊಂದುವುದಿಲ್ಲ.

ಕಾಗದದ ಮೇಲೆ ಚಿತ್ರ ಬರೆದು, ಸಣ್ಣ ಗರಗಸದಲ್ಲಿ ಎಸಳೆಸಳಾಗಿ ತುಂಡು ಕತ್ತರಿಸುತ್ತಾರೆ. ತುಂಡನ್ನು ಕೋಲಿನ ಮೇಲಿಟ್ಟು ಅಂಚು ಗೀರಿ, ಅಷ್ಟೇ ಜಾಗವನ್ನು ಉಳಿಯಿಂದ ಎರಡು ಮೂರು ಮಿಲಿಮೀಟರ್ ತೋಡಿ, ಅಂಟು ಹಾಕಿ ಕೂರಿಸುತ್ತಾರೆ. ಹಲಗೆಯ ಮೇಲೆ ಇದು ಸಲೀಸು. ಕೋಲು ಗುಂಡಗಿರುತ್ತದಲ್ಲ, ಚಪ್ಪಟೆ ತುಂಡು ಒಗ್ಗುವುದಿಲ್ಲ. ಅದಕ್ಕೇ ತುಂಡುಗಳು ಸಣ್ಣವಿರಬೇಕು, ಕೂರಿಸುವಾಗ ಕೊಂಚ ಮೇಲೆದ್ದಿರಬೇಕು. ಅಂಟು ಒಣಗಿದ ಮೇಲೆ ಅರದಿಂದ ಉಜ್ಜಿ ದುಂಡಗೆ ಮಾಡುತ್ತಾರೆ. ಸಂದಿಗೆ ಅದೇ ಮರದ ಹುಡಿ. ಆಮೇಲೆ ಮರಳು ಕಾಗದ, ಪಾಲಿಶ್.

ಸುತ್ತಲೂ ಒಂದು ಪಟ್ಟಿ ಬರಲಿ ಎಂದೆ. 'ಬ್ಯಾಡಿ ಅಣ್ಣಾ. ಉಡದಾರ ಕಟ್ದಂಗೆ ಸುತ್ತಾ ಕೊರುದ್ರೆ, ಭಾರ ಬಿದ್ದಾಗ ಅಲ್ಲೇ ಲಟಕ್ ಅನ್ತದೆ' ಎಂದರು. ಹಿಡಿಯ ಮೇಲೂ ಬೇಡವಂತೆ, ಬೆವರಿಗೆ ಅಂಟು ಬಿಡುತ್ತದೆ. ಹಿಡಿಯಿಂದ ಒಂದು ಗೇಣು ಕೆಳಗೆ, ಉದ್ದಕ್ಕೆ ಹಬ್ಬಿದ ಬಳ್ಳಿ ಸಾಕು. ಉತ್ತರ ಪ್ರದೇಶದ ಮೈನ್‌ಪುರಿಯ ತಾರ್ಕಶಿ ಬೇರೆ ದಾರಿ: ಶೀಶಮ್ ಮರದಲ್ಲಿ ಗೀರು ಕೊರೆದು ಹಿತ್ತಾಳೆಯ ತಂತಿ ಬಡಿದು ಕೂರಿಸುತ್ತಾರೆ.

ಉದ್ದ ಅಳೆಯದೆ ಕೊಳ್ಳಬೇಡಿ. ಚಪ್ಪಲಿ ಹಾಕಿ ನಿಂತು ಕೈ ಇಳಿಬಿಟ್ಟಾಗ ಹಿಡಿ ಮಣಿಕಟ್ಟಿಗೆ ಬರಬೇಕು. ತುದಿಗೆ ರಬ್ಬರ್ ಇರಲೇಬೇಕು. ತಂದೆಯವರು ಈಗ ಕೋಲು ಬಿಟ್ಟು ಹೊಸಿಲು ದಾಟುವುದಿಲ್ಲ.

ಇರುವ ತೊಡಕು ಮರದ್ದು. ಹೂವಿಗೆ ಚೂರುಪಾರು ಆದೀತು. ಕೋಲಿಗೆ ಗಂಟಿಲ್ಲದ ಮೂರಡಿ ನೇರ ಬೀಟೆ ಬೇಕು. ತಮಿಳುನಾಡು 1994ರಲ್ಲಿ ಬೀಟೆಗೆಂದೇ ಕಾಯ್ದೆ ಮಾಡಿ, ಸ್ವಂತ ಜಮೀನಿನ ಮರ ಕಡಿಯಲೂ ಅನುಮತಿ ಬೇಕೆಂದಿತು. ವಯನಾಡಿನಲ್ಲಿ ಸರಕಾರ ಕೊಟ್ಟ ಪಟ್ಟಾ ಜಮೀನಿನ ಬೀಟೆ ಸರಕಾರದ್ದೇ. 2020ರ ಅಕ್ಟೋಬರ್‌ನ ಒಂದು ಆದೇಶದ ನೆಪದಲ್ಲಿ ಮುಟ್ಟಿಲ್‌ನಲ್ಲಿ ನೂರರಷ್ಟು ಮರ ಉರುಳಿದವು. 2021ರ ಫೆಬ್ರವರಿಯಲ್ಲಿ ಆದೇಶ ವಾಪಸಾಯಿತು. ನನ್ನ ಕೋಲಿನ ಬೀಟೆ ಹಳೇ ಮಂಚದ ಕಾಲು. ಅಟ್ಟದ ಮೇಲೆ ಅಂಥದ್ದೇನಾದರೂ ಬಿದ್ದಿದ್ದರೆ ಒಲೆಗೆ ಹಾಕುವ ಮುಂಚೆ ಒಮ್ಮೆ ಒರೆಸಿ ನೋಡಿ.